ಗಯಾನಾದ ಶ್ರೀದತ್ ರಾಮ್‌ಫಲ್ ಬಗ್ಗೆ ಮಾತಾಡೋಣ ಬನ್ನಿ

ಕರಡು ಕಾಗದ:

ಎಲ್ಲರಿಗೂ ನಮಸ್ಕಾರ. ಈ ಬಳಗದಲ್ಲಿ ದೊಡ್ಡ ದೇಶಗಳ ದೊಡ್ಡ ನಾಯಕರ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ಇವತ್ತು ಒಂದು ಚಿಕ್ಕ ದೇಶದ ರಾಜತಾಂತ್ರಿಕರ ಬಗ್ಗೆ ಬರೆಯೋಣ ಅನ್ನಿಸಿತು. ಹೆಸರು ಸರ್ ಶ್ರೀದತ್ ರಾಮ್‌ಫಲ್. ಅವರ ಕಡೆಯವರು ಕರೆಯುತ್ತಿದ್ದದ್ದು ಸನ್ನಿ ಅಂತ. 1928ರ ಅಕ್ಟೋಬರ್ 3ರಂದು ಆಗಿನ ಬ್ರಿಟಿಷ್ ಗಯಾನಾದ ನ್ಯೂ ಆಮ್‌ಸ್ಟರ್‌ಡ್ಯಾಮ್ ಪಟ್ಟಣದಲ್ಲಿ ಹುಟ್ಟಿದರು. 2024ರ ಆಗಸ್ಟ್ 30ರಂದು ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಆ ಸುದ್ದಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ತುಂಬಾ ಬೇಜಾರಾಯಿತು.

ಮೊದಲು ಗಯಾನಾ ಎಷ್ಟು ದೊಡ್ಡದು ಅಂತ ಗೊತ್ತಿರಲಿ. ಇರುವುದು ದಕ್ಷಿಣ ಅಮೆರಿಕದ ನೆಲದ ಮೇಲೆ. ಆದರೆ ಮಾತು, ಕ್ರಿಕೆಟ್, ರಾಜಕೀಯ ಎಲ್ಲದರಲ್ಲೂ ಅದು ಕೆರಿಬಿಯನ್ ದೇಶವೇ. ವಿಸ್ತೀರ್ಣ ಸುಮಾರು 2,15,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಜಾಸ್ತಿ. ಜನ ಮಾತ್ರ ಸುಮಾರು 8 ಲಕ್ಷ. ಮೈಸೂರು ನಗರದಲ್ಲಿ ಇದಕ್ಕಿಂತ ಹೆಚ್ಚು ಜನ ಇದ್ದಾರೆ. ಅಂಥ ದೇಶದಿಂದ ಬಂದವರು 1975ರಿಂದ 1990ರವರೆಗೆ, ಸತತ 15 ವರ್ಷ, ಕಾಮನ್‌ವೆಲ್ತ್‌ನ, ಅಂದರೆ ಬ್ರಿಟನ್ ಮತ್ತು ಬಹುತೇಕ ಹಿಂದೆ ಅದರ ಆಳ್ವಿಕೆಯಲ್ಲಿದ್ದ ದೇಶಗಳ ಕೂಟದ, ಪ್ರಧಾನ ಕಾರ್ಯದರ್ಶಿ ಆಗಿದ್ದರು.

ನನಗೆ ಇವರ ಮೇಲೆ ಇಷ್ಟು ಪ್ರೀತಿ ಯಾಕೆ ಅಂತ ಹೇಳಿಬಿಡುತ್ತೇನೆ. ನಾನು 32 ವರ್ಷ ಕೋರ್ಟ್ ಕಚೇರಿಯಲ್ಲಿ ಇದ್ದವನು, ಶಿರಸ್ತೇದಾರ್ ಆಗಿ ನಿವೃತ್ತಿ. ಅಣ್ಣತಮ್ಮಂದಿರ ರಾಜಿ ಪತ್ರಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಒಂದು ಪತ್ರದಲ್ಲಿ ‘ದಾರಿ ಬಿಡತಕ್ಕದ್ದು’ ಅಂತ ಇರುತ್ತದೆ. ಇನ್ನೊಂದರಲ್ಲಿ ‘ದಾರಿ ಬಿಡಬಹುದು’ ಅಂತ. ಬರೆಯುವಾಗ ಇಬ್ಬರೂ ಕಾಫಿ ಕುಡಿದು ಸಹಿ ಹಾಕುತ್ತಾರೆ. ಇಪ್ಪತ್ತು ವರ್ಷ ಆದಮೇಲೆ ಮಕ್ಕಳ ಕಾಲದಲ್ಲಿ ಆ ಒಂದು ಪದವೇ ಮನೆ ಉಳಿಸುತ್ತದೆ, ಇಲ್ಲ ಮುರಿಯುತ್ತದೆ. ರಾಮ್‌ಫಲ್ ಓದಿದ್ದು ಲಂಡನ್‌ನ ಕಿಂಗ್ಸ್ ಕಾಲೇಜಿನಲ್ಲಿ ಕಾನೂನು. ಜೀವನವಿಡೀ ಮಾಡಿದ್ದು ಕರಡು ಬರೆಯುವ ಕೆಲಸ. ದೊಡ್ಡ ಸೈನ್ಯವಿಲ್ಲದ, ದುಡ್ಡಿಲ್ಲದ ದೇಶಕ್ಕೆ ಕೈಯಲ್ಲಿ ಇರುವುದು ಬರೆದ ಮಾತು ಒಂದೇ. ಆ ಮಾತು ಕಚ್ಚಿಕೊಂಡು ನಿಲ್ಲುವ ಹಾಗೆ ಬರೆಯಬೇಕು. ಅದನ್ನು ಇವರಷ್ಟು ಚೆನ್ನಾಗಿ ಅರಿತವರು ಕಡಿಮೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲ ದೊಡ್ಡ ಕೆಲಸದಲ್ಲೇ ಏಟು ತಿಂದರು. 1958ರಲ್ಲಿ 10 ದ್ವೀಪ ಪ್ರದೇಶಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟ ಆಯಿತು. ಅದರ ಕಾನೂನು ಇಲಾಖೆಯಲ್ಲಿ ಇವರು ದುಡಿದರು. 1961ರಲ್ಲಿ ಜಮೈಕಾದ ಜನ ಮತ ಹಾಕಿ ಹೊರಗೆ ಹೋದರು. ಹತ್ತರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ ಅಂದರು ಟ್ರಿನಿಡಾಡ್‌ನ ಎರಿಕ್ ವಿಲಿಯಮ್ಸ್. 1962ರಲ್ಲಿ ಒಕ್ಕೂಟವೇ ಮುಚ್ಚಿಹೋಯಿತು. ಕಟ್ಟಿದ ಮನೆ ಕಣ್ಣೆದುರೇ ಕುಸಿದ ಹಾಗೆ. ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಮುಂದೆ ಕೈ ಹಾಕಿದ್ದರಲ್ಲೆಲ್ಲ ಚಿಕ್ಕವರನ್ನು ಒಟ್ಟಿಗೆ ಕೂರಿಸುವ ಕೆಲಸವೇ ಕಾಣುತ್ತದೆ.

ತುಂಗಾ ತೀರ:

ಒಳ್ಳೆಯ ವಿಷಯ ಸರ್. ಶ್ರೀದತ್, ರಾಮ್‌ಫಲ್ ಅಂತ ಹೆಸರು ನೋಡಿದರೆ ನಮ್ಮ ಕಡೆಯವರೇ ಇರಬೇಕು ಅಲ್ವಾ? ಅಷ್ಟು ದೂರ ಹೇಗೆ ಹೋದರು?

ಕರಡು ಕಾಗದ:

ಪೂರ್ವಿಕರು ಭಾರತದವರೇ. ಗಯಾನಾದಲ್ಲಿ ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1838ರ ಮೇ 5ರಂದು ವಿಟ್ಬಿ, ಹೆಸ್ಪರಸ್ ಅನ್ನುವ ಎರಡು ಹಡಗುಗಳಲ್ಲಿ ಮೊದಲ ತಂಡ ಅಲ್ಲಿಗೆ ಮುಟ್ಟಿತು. 1917ರವರೆಗೆ ಸುಮಾರು 2,39,000 ಜನರನ್ನು ಕರೆದೊಯ್ದರು. ಕೂಲಿಯ ಕರಾರಿಗೆ ಹೆಬ್ಬೆಟ್ಟು ಒತ್ತಿ ಹೋದವರು. ಜಾಸ್ತಿ ಜನ ಕಲ್ಕತ್ತಾ ಬಂದರಿನಿಂದ ಹೊರಟ ಬಿಹಾರ, ಉತ್ತರ ಪ್ರದೇಶದವರು. ಮದ್ರಾಸ್‌ನಿಂದ ಹೋದವರೂ ಇದ್ದರು. ಈಗಲೂ ಅಲ್ಲಿ ಮಾರಿಯಮ್ಮನ ಪೂಜೆ ನಡೆಯುತ್ತದೆ.

ರಾಮ್‌ಫಲ್ ತಂದೆ ಶಿಕ್ಷಕರು. ಓದಲು ಬಾರದೆ ಕರಾರಿಗೆ ಹೆಬ್ಬೆಟ್ಟು ಒತ್ತಿದ ಜನರ ಪೀಳಿಗೆಯಲ್ಲಿ, ಹೊಸ ದೇಶದ ಸಂವಿಧಾನದ ಕರಡು ಬರೆಯಲು ಕೂತ ಮಗ ಹುಟ್ಟಿದ. 1966ರಲ್ಲಿ ಗಯಾನಾ ಸ್ವತಂತ್ರವಾದಾಗ ಇವರೇ ಅಟಾರ್ನಿ ಜನರಲ್. ಇದನ್ನು ಓದಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಬೌಂಡರಿ ಗೆರೆ:

ನಾನು ಕ್ರಿಕೆಟ್ ಹುಚ್ಚಿನವನು. ರಾಮ್‌ಫಲ್ ಹೆಸರು ನನಗೆ ಗೊತ್ತಾಗಿದ್ದು ಗ್ಲೆನೀಗಲ್ಸ್ ಒಪ್ಪಂದದಿಂದ. ವರ್ಣಭೇದದ ದಕ್ಷಿಣ ಆಫ್ರಿಕಾ ಜೊತೆ ಆಟದ ಸಂಬಂಧ ಬೇಡ ಅಂತ 1977ರ ಜೂನ್‌ನಲ್ಲಿ ಕಾಮನ್‌ವೆಲ್ತ್ ದೇಶಗಳು ಮಾಡಿಕೊಂಡ ಒಪ್ಪಂದ ಅದು. ಅದರ ಹಿಂದಿನ ವರ್ಷ ನ್ಯೂಜಿಲೆಂಡ್ ರಗ್ಬಿ ತಂಡ ದಕ್ಷಿಣ ಆಫ್ರಿಕಾಕ್ಕೆ ಹೋಗಿತ್ತು. ಅದಕ್ಕೆ ಸಿಟ್ಟಾಗಿ ಆಫ್ರಿಕಾದ ದೇಶಗಳು ಮಾಂಟ್ರಿಯಲ್ ಒಲಿಂಪಿಕ್ಸ್ ಬಿಟ್ಟು ಹೊರಟವು. ಗಯಾನಾ ಕೂಡ ಅವರ ಜೊತೆ ನಿಂತಿತು. 1978ರ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟ ಹಾಳಾಗುವ ಭಯ ಇತ್ತು. ಸ್ಕಾಟ್ಲೆಂಡ್‌ನ ಗ್ಲೆನೀಗಲ್ಸ್ ಹೋಟೆಲಿನಲ್ಲಿ ವಾರಾಂತ್ಯಕ್ಕೆ ಸೇರಿದ್ದ ನಾಯಕರನ್ನು ಕೂರಿಸಿ ರಾಮ್‌ಫಲ್ ಮಾತು ಮುಗಿಸಿದರು.

1981ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ತಂಡ ವೆಸ್ಟ್ ಇಂಡೀಸ್‌ಗೆ ಬಂದಿತ್ತು. ಬಾಬ್ ವಿಲ್ಲಿಸ್‌ಗೆ ಗಾಯ ಆಗಿ ರಾಬಿನ್ ಜ್ಯಾಕ್‌ಮನ್ ಬಂದರು. ಅವರು ದಕ್ಷಿಣ ಆಫ್ರಿಕಾದಲ್ಲಿ ಆಡಿದವರು. ಗಯಾನಾ ಸರ್ಕಾರ ಅವರಿಗೆ ಇರಲು ಅನುಮತಿ ಕೊಡಲಿಲ್ಲ. ಅವರಿಲ್ಲದೆ ಆಡುವುದಿಲ್ಲ ಅಂತ ಇಂಗ್ಲೆಂಡ್ ಹೇಳಿತು. ಜಾರ್ಜ್‌ಟೌನ್ ಟೆಸ್ಟೇ ರದ್ದಾಯಿತು!

ಇದರ ಬಿಸಿ ನಮ್ಮ ಬೆಂಗಳೂರಿಗೂ ತಟ್ಟುವುದರಲ್ಲಿತ್ತು. ಅದೇ ವರ್ಷದ ಕೊನೆಗೆ ಇಂಗ್ಲೆಂಡ್ ಭಾರತಕ್ಕೆ ಬರಬೇಕಿತ್ತು. ತಂಡದಲ್ಲಿ ಬಾಯ್ಕಾಟ್, ಜೆಫ್ ಕುಕ್ ಇದ್ದರು. ಇಬ್ಬರಿಗೂ ದಕ್ಷಿಣ ಆಫ್ರಿಕಾದ ನಂಟು. ಪ್ರವಾಸ ನಡೆಯುತ್ತೋ ಇಲ್ಲವೋ ಅನ್ನುವ ಸ್ಥಿತಿ. ವರ್ಣಭೇದಕ್ಕೆ ತಮ್ಮ ವಿರೋಧ ಇದೆ ಅಂತ ಅವರು ಹೇಳಿದ ಮೇಲೆ ಇಂದಿರಾ ಗಾಂಧಿ ಒಪ್ಪಿದರು. ಹಾಗಾಗಿ ಡಿಸೆಂಬರ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಟೆಸ್ಟ್ ಆಯಿತು. ಗವಾಸ್ಕರ್ 172. ನಮ್ಮಪ್ಪ ಚಿತ್ರಾನ್ನದ ಡಬ್ಬಿ ಹಿಡಿದು ಹೋಗಿ ಆ ಆಟ ನೋಡಿ ಬಂದವರು. ಕೊನೆಯವರೆಗೂ ಅದನ್ನೇ ಹೇಳುತ್ತಿದ್ದರು. ಆ ಟೆಸ್ಟ್ ಗಯಾನಾದ ಹಾಗೆ ತಪ್ಪಿಹೋಗಬಹುದಿತ್ತು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ.

ಮುಂದಿನ ಮಾರ್ಚ್‌ನಲ್ಲಿ ಬಾಯ್ಕಾಟ್ ಬಂಡಾಯ ತಂಡದ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹೋಗಿಯೇ ಬಿಟ್ಟರು. ಅದು ನನಗೆ ಇಂದಿಗೂ ಜೀರ್ಣವಾಗಿಲ್ಲ.

ಕರಡು ಕಾಗದ:

ಬೌಂಡರಿ ಗೆರೆ ಅವರೇ, ಚಿನ್ನಸ್ವಾಮಿ ಕಥೆ ನನಗೆ ಗೊತ್ತಿರಲಿಲ್ಲ. ತುಂಬಾ ಖುಷಿಯಾಯಿತು.

ಗ್ಲೆನೀಗಲ್ಸ್‌ನ ಪದಗಳನ್ನು ಸ್ವಲ್ಪ ನೋಡಿ. ‘ನಿಷೇಧಿಸತಕ್ಕದ್ದು’ ಅಂತ ಎಲ್ಲೂ ಇಲ್ಲ. ತಮ್ಮ ದೇಶದವರು ಆಡದ ಹಾಗೆ ನಿರುತ್ಸಾಹಗೊಳಿಸಲು ಕೈಲಾದ ಎಲ್ಲ ಕ್ರಮ ತೆಗೆದುಕೊಳ್ಳುತ್ತೇವೆ ಅಂತ ಇದೆ. ಹೇಗೆ ಅನ್ನುವುದನ್ನು ಆಯಾ ದೇಶ ತನ್ನ ಕಾನೂನಿನಂತೆ ನೋಡಿಕೊಳ್ಳಬೇಕು. ನಿಷೇಧ ಅಂತ ಬರೆದಿದ್ದರೆ ನ್ಯೂಜಿಲೆಂಡ್ ಪ್ರಧಾನಿ ಮಲ್ಡೂನ್ ಸಹಮತಕ್ಕೆ ಬರುತ್ತಲೇ ಇರಲಿಲ್ಲ. ಸುಮ್ನೆ ಖಂಡಿಸುತ್ತೇವೆ ಅಂತ ಬರೆದಿದ್ದರೆ ಆಫ್ರಿಕಾದವರು ಎದ್ದು ಹೋಗುತ್ತಿದ್ದರು. ನಡುವೆ ಇದ್ದದ್ದು ಇಷ್ಟೇ ಇಷ್ಟು ಜಾಗ.

ನಿಷ್ಠುರ ಮಾತು:

ಕ್ಷಮಿಸಿ, ಹೊಗಳಿಕೆ ಸ್ವಲ್ಪ ಜಾಸ್ತಿ ಆಯಿತು. ಮಲ್ಡೂನ್ ಒಪ್ಪಿದ್ದು ನಿಜ. ಆದರೆ 1981ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ನ್ಯೂಜಿಲೆಂಡಿಗೆ ಬಂದು ಆಡಿತು, ಅವರು ತಡೆಯಲಿಲ್ಲ. ಆ ನಡುವಿನ ಪದದಲ್ಲೇ ತೂತು ಇತ್ತು.

ಇನ್ನೊಂದು ಮಾತು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ರಾಮ್‌ಫಲ್ ಮಂತ್ರಿಯಾಗಿದ್ದು ಫೋರ್ಬ್ಸ್ ಬರ್ನ್‌ಹ್ಯಾಮ್ ಸರ್ಕಾರದಲ್ಲಿ. 1968ರ ಚುನಾವಣೆಯಲ್ಲಿ, 1973ರ ಚುನಾವಣೆಯಲ್ಲಿ ಏನೆಲ್ಲ ಅಕ್ರಮ ನಡೆಯಿತು ಅನ್ನುವುದು ಗಯಾನಾದಲ್ಲಿ ಎಲ್ಲರಿಗೂ ಗೊತ್ತು. ವಿರೋಧ ಪಕ್ಷದ ನಾಯಕ ಚೆಡ್ಡಿ ಜಗನ್ ಅವರ ಪಕ್ಷವನ್ನು 1992ರವರೆಗೆ ಅಧಿಕಾರಕ್ಕೆ ಬರದ ಹಾಗೆ ಮಾಡಿದರು. ಹೊರಗೆ ಹೋಗಿ ಬಹುಮತದ ಆಡಳಿತ ಬೇಕು ಅಂತ ವಾದಿಸಿದವರು ಮನೆಯಲ್ಲಿ ಬಾಯಿ ಬಿಡಬೇಕಿತ್ತು. ಇದನ್ನು ಬರೆಯದೆ ಇವರ ಜೀವನ ಬರೆದ ಹಾಗಾಗುವುದಿಲ್ಲ.

ಕರಡು ಕಾಗದ:

ನೀವು ಹೇಳಿದ್ದು ಸರಿ. ನಾನೇ ಮೊದಲು ಬರೆಯಬೇಕಿತ್ತು, ತಪ್ಪಾಯಿತು. ಅವರು 1972ರಲ್ಲಿ ವಿದೇಶಾಂಗ ಮಂತ್ರಿ, 1975ರಲ್ಲಿ ಲಂಡನ್‌ಗೆ ಹೊರಟರು. ಅಷ್ಟು ದಿನ ಆ ಸಂಪುಟದಲ್ಲಿ ಇದ್ದರು. ಇದಕ್ಕೆ ನನ್ನ ಹತ್ತಿರ ಸಮಾಧಾನ ಇಲ್ಲ. ಹಾಗಂತ ಅದೇ ವರ್ಷಗಳಲ್ಲಿ ಅವರು ಹೊರಗೆ ಮಾಡಿದ ಕೆಲಸವನ್ನೂ ಅಳಿಸಲಾರೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಓದಬೇಕು.

ಒಂದು ಕೆಲಸ ಹೇಳುತ್ತೇನೆ. 1972ರ ಡಿಸೆಂಬರ್ 8ರಂದು ಬಾರ್ಬಡೋಸ್, ಗಯಾನಾ, ಜಮೈಕಾ, ಟ್ರಿನಿಡಾಡ್-ಟೊಬೆಗೊ, ಈ ನಾಲ್ಕೂ ಒಂದೇ ದಿನ ಕ್ಯೂಬಾ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿದವು. ಅಮೆರಿಕದ ಬಾಗಿಲಲ್ಲೇ ಇರುವ ಪುಟ್ಟ ದೇಶಗಳು. ಒಬ್ಬರೇ ಮಾಡಿದ್ದರೆ ಒಬ್ಬರ ಕತ್ತು ಹಿಡಿಯುತ್ತಿದ್ದರು. ಮರುವರ್ಷ ಜುಲೈ 4ರಂದು ಇದೇ ನಾಲ್ಕು ದೇಶಗಳು ಟ್ರಿನಿಡಾಡ್‌ನ ಶಗರಾಮಸ್‌ನಲ್ಲಿ ಕೆರಿಬಿಯನ್ ಸಮುದಾಯದ ಒಪ್ಪಂದಕ್ಕೆ ಸಹಿ ಹಾಕಿದವು.

ಐಎಎಸ್ ಕನಸು:

ಸರ್, ಲೋಮೆ ಒಪ್ಪಂದದಲ್ಲೂ ಇವರ ಪಾತ್ರ ಇತ್ತು ಅಂತ ಎಲ್ಲೋ ಓದಿದ ನೆನಪು. ಸರಳವಾಗಿ ಹೇಳ್ತೀರಾ?

ಕರಡು ಕಾಗದ:

ಹೇಳ್ತೀನಪ್ಪ. ಬ್ರಿಟನ್ 1973ರಲ್ಲಿ ಯುರೋಪಿನ ಆರ್ಥಿಕ ಸಮುದಾಯ ಸೇರಿತು. ಅಲ್ಲಿಯವರೆಗೆ ಬ್ರಿಟನ್‌ಗೆ ಸಕ್ಕರೆ ಮಾರಿ ಬದುಕುತ್ತಿದ್ದ ದೇಶಗಳ ಕಾಲಕೆಳಗಿನ ನೆಲ ಅಲುಗಿತು. ಯುರೋಪ್ ಜೊತೆ ಒಬ್ಬೊಬ್ಬರೇ ಚೌಕಾಸಿ ಮಾಡಿದರೆ ಕಥೆ ಮುಗಿದ ಹಾಗೆ. ಆಫ್ರಿಕಾ, ಕೆರಿಬಿಯನ್, ಪೆಸಿಫಿಕ್‌ನ 46 ದೇಶಗಳು ಒಂದೇ ಗುಂಪಾಗಿ ಮಾತಾಡಿದವು. ಇಂಗ್ಲಿಷ್ ಆಡುವ ಆಫ್ರಿಕಾ, ಫ್ರೆಂಚ್ ಆಡುವ ಆಫ್ರಿಕಾ ಒಟ್ಟಿಗೆ ಕೂತದ್ದೇ ದೊಡ್ಡದು. ಕೆರಿಬಿಯನ್ ಪರ ಮುಖ್ಯವಾಗಿ ಮಾತಾಡಿದವರಲ್ಲಿ ರಾಮ್‌ಫಲ್ ಒಬ್ಬರು. 1975ರ ಫೆಬ್ರವರಿ 28ರಂದು ಸಹಿ ಆಯಿತು. ಸುಮಾರು 13 ಲಕ್ಷ ಟನ್ ಸಕ್ಕರೆ ಕೊಳ್ಳುವ ಭರವಸೆ ಸಿಕ್ಕಿತು. ಅದೇ ಜೂನ್‌ನಲ್ಲಿ ಆ ಗುಂಪು ಶಾಶ್ವತ ಸಂಘಟನೆ ಆಯಿತು, ಒಪ್ಪಂದ ಆದದ್ದು ಜಾರ್ಜ್‌ಟೌನ್‌ನಲ್ಲೇ. ಮಾರನೆಯ ತಿಂಗಳು ಇವರು ಕಾಮನ್‌ವೆಲ್ತ್ ಕುರ್ಚಿಯಲ್ಲಿ ಕೂತರು. ನೆನಪಿಟ್ಟುಕೋ, ಪರೀಕ್ಷೆಗೆ ಒಳ್ಳೆಯದಾಗಲಿ.

ಥೇಮ್ಸ್ ದಡ:

ನಾನು ಲಂಡನ್‌ನಲ್ಲಿದ್ದೇನೆ. ಕೆಲಸಕ್ಕೆ ಹೋಗುವಾಗ ಪಾಲ್‌ಮಾಲ್ ರಸ್ತೆಯಲ್ಲಿ ಮಾರ್ಲ್‌ಬರೋ ಹೌಸ್ ದಾಟಿಕೊಂಡೇ ಹೋಗುತ್ತೇನೆ. ಕೆಂಪು ಇಟ್ಟಿಗೆಯ ಹಳೇ ಅರಮನೆ, ಅದೇ ಕಾಮನ್‌ವೆಲ್ತ್ ಕಚೇರಿ. ಜಿಂಬಾಬ್ವೆ ಸ್ವಾತಂತ್ರ್ಯದ ಅರ್ಧ ಕೆಲಸ ಈ ಗೋಡೆಯ ಒಳಗೆ ಆಯಿತು ಅಂತ ಜೊತೆಗಿರುವ ಜಾಂಬಿಯಾದ ಸಹೋದ್ಯೋಗಿ ಹೇಳುತ್ತಿರುತ್ತಾರೆ. ಅದನ್ನು ಬಿಡಿಸಿ ಬರೆಯುತ್ತೀರಾ ಅಣ್ಣಾ?

ಕರಡು ಕಾಗದ:

ಬರೆಯದೆ ಇರುತ್ತೇನಾ ತಂಗಿ, ಇದಕ್ಕಾಗಿಯೇ ಕಾಯುತ್ತಿದ್ದೆ.

ಆಗ ಅದು ರೊಡೀಶಿಯಾ. ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ 1965ರಲ್ಲಿ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತ್ತು. ಒಳಗೆ ಯುದ್ಧ. 1979ರ ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಬ್ರಿಟನ್ ಪ್ರಧಾನಿ ಆದರು. ಕರಿಯರ ನಾಯಕ ಮುಜೊರೆವಾ ಅವರನ್ನು ಮುಂದಿಟ್ಟು ಸ್ಮಿತ್ ಏರ್ಪಾಡು ಮಾಡಿದ ಸರ್ಕಾರವನ್ನು ಅವರು ಒಪ್ಪಿಬಿಡುತ್ತಾರೆ ಅನ್ನುವ ಆತಂಕ ಆಫ್ರಿಕಾದವರಿಗೆ. ಆಗಸ್ಟ್ ಮೊದಲ ವಾರ ಜಾಂಬಿಯಾದ ಲುಸಾಕಾದಲ್ಲಿ ಕಾಮನ್‌ವೆಲ್ತ್ ನಾಯಕರ ಸಭೆ. ಸಭೆಗೆ ಸ್ವಲ್ಪ ಮುಂಚೆ ನೈಜೀರಿಯಾ ಅಲ್ಲಿನ ಬ್ರಿಟಿಷ್ ಪೆಟ್ರೋಲಿಯಂ ಆಸ್ತಿಯನ್ನು ರಾಷ್ಟ್ರೀಕರಣ ಮಾಡಿತು. ಗಾಳಿಯೇ ಬಿಸಿಯಾಗಿತ್ತು.

ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಬರೀ ಭಾಷಣ ಆಗುತ್ತದೆ. ಹಾಗಾಗಿ ಸಣ್ಣ ಗುಂಪು. ಥ್ಯಾಚರ್, ಅವರ ವಿದೇಶಾಂಗ ಮಂತ್ರಿ ಕ್ಯಾರಿಂಗ್ಟನ್, ಜಾಂಬಿಯಾದ ಕೌಂಡಾ, ತಾಂಜಾನಿಯಾದ ನ್ಯೆರೆರೆ, ಆಸ್ಟ್ರೇಲಿಯಾದ ಫ್ರೇಸರ್, ಜಮೈಕಾದ ಮ್ಯಾನ್ಲಿ, ನೈಜೀರಿಯಾದ ಮಂತ್ರಿ. ಜೊತೆಗೆ ರಾಮ್‌ಫಲ್. ಕರಡು ಸಿದ್ಧವಾಯಿತು. ಕಾನೂನುಬದ್ಧ ಸ್ವಾತಂತ್ರ್ಯ ಕೊಡುವ ಹೊಣೆ ಬ್ರಿಟನ್ನಿನದು. ಬಹುಮತದ ಆಡಳಿತ ಬರಬೇಕು, ಅಲ್ಪಸಂಖ್ಯಾತರಿಗೆ ರಕ್ಷಣೆ ಇರಬೇಕು. ಚುನಾವಣೆ ಬ್ರಿಟನ್ ಉಸ್ತುವಾರಿಯಲ್ಲಿ, ಕಾಮನ್‌ವೆಲ್ತ್ ವೀಕ್ಷಕರ ಎದುರು. ‘ಹೊಣೆ ಬ್ರಿಟನ್ನಿನದು’ ಅನ್ನುವ ಮಾತು ಥ್ಯಾಚರ್‌ಗೂ ಹಿಡಿಸಿತು, ಯಾಕೆಂದರೆ ಅಧಿಕಾರ ತಮ್ಮ ಕೈಯಲ್ಲಿ. ಆಫ್ರಿಕಾದವರಿಗೂ ಹಿಡಿಸಿತು, ಯಾಕೆಂದರೆ ಬ್ರಿಟನ್ ಇನ್ನು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಮಾರನೆಯ ದಿನ ಎಲ್ಲರ ಮುಂದೆ ಇಡಬೇಕಿತ್ತು. ಅಷ್ಟರಲ್ಲಿ ಭಾನುವಾರವೇ ಫ್ರೇಸರ್ ತಮ್ಮ ದೇಶದ ಪತ್ರಕರ್ತರಿಗೆ ವಿಷಯ ಹೇಳಿಬಿಟ್ಟರು! ಪತ್ರಿಕೆಯಲ್ಲಿ ಮೊದಲು ಬಂದರೆ ಉಳಿದ ನಾಯಕರು ಮುನಿಸಿಕೊಳ್ಳುತ್ತಾರೆ, ಕಷ್ಟಪಟ್ಟು ಹೆಣೆದದ್ದು ಹರಿಯುತ್ತದೆ. ಆ ಸಂಜೆ ಆಸ್ಟ್ರೇಲಿಯಾ ಹೈಕಮಿಷನರ್ ಮನೆಯಲ್ಲಿ ಬಾರ್ಬಿಕ್ಯೂ ಊಟ ಇತ್ತು. ನಾಯಕರೆಲ್ಲ ಹೇಗೂ ಬರುತ್ತಿದ್ದರು. ಅಲ್ಲಿಯೇ, ಆ ಊಟದ ನಡುವೆ, ಕರಡನ್ನು ಮುಂದಿಟ್ಟು ಒಪ್ಪಿಗೆ ಪಡೆದರು. ಮದುವೆ ಮನೆಯಲ್ಲಿ ಪಂಕ್ತಿ ಮುಗಿಯುವಷ್ಟರಲ್ಲಿ ಹಿರಿಯರು ಮೂಲೆಯಲ್ಲಿ ಕೂತು ವ್ಯಾಜ್ಯ ಬಗೆಹರಿಸುವುದನ್ನು ನಾವು ನೋಡಿಲ್ಲವೇ, ಹಾಗೆ.

ಆಮೇಲೆ ಸೆಪ್ಟೆಂಬರ್ 10ರಿಂದ ಲಂಡನ್‌ನ ಲ್ಯಾಂಕಾಸ್ಟರ್ ಹೌಸ್ ಮಾತುಕತೆ. ಅದು ಬ್ರಿಟನ್ ನಡೆಸಿದ ಸಭೆ. ರಾಮ್‌ಫಲ್‌ಗೆ ಅಲ್ಲಿ ಕುರ್ಚಿ ಇರಲಿಲ್ಲ. ತಂಗಿ, ನೀವು ದಿನಾ ನೋಡುವ ಮಾರ್ಲ್‌ಬರೋ ಹೌಸ್ ಅಲ್ಲಿಂದ ನಾಲ್ಕು ಹೆಜ್ಜೆ. ಅಲ್ಲಿಂದಲೇ ಎಲ್ಲರ ಜೊತೆ ಮಾತಾಡುತ್ತಿದ್ದರು. ಅಕ್ಟೋಬರ್‌ನಲ್ಲಿ ಜಮೀನಿನ ಪ್ರಶ್ನೆ ಬಂದು ಎಲ್ಲ ನಿಂತುಹೋಯಿತು. ಬಿಳಿಯರ ಜಮೀನನ್ನು ಕೊಂಡೇ ಹಂಚಬೇಕು ಅಂತ ಬ್ರಿಟನ್. ನಮ್ಮ ಜಮೀನನ್ನು ನಾವೇ ಕೊಳ್ಳಲು ದುಡ್ಡು ಎಲ್ಲಿಂದ ಅಂತ ಬಿಳಿಯರ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಮುಗಾಬೆ, ಎನ್‌ಕೊಮೊ. ಎದ್ದು ಹೋಗುವುದೊಂದೇ ಬಾಕಿ. ರಾಮ್‌ಫಲ್ ಲಂಡನ್‌ನಲ್ಲಿದ್ದ ಅಮೆರಿಕದ ರಾಯಭಾರಿ ಕಿಂಗ್‌ಮನ್ ಬ್ರೂಸ್ಟರ್ ಅವರನ್ನು ಹಿಡಿದರು. ಕಾರ್ಟರ್ ಸರ್ಕಾರ ನೆರವಿನ ಭರವಸೆ ಕೊಟ್ಟಿತು. ಅಕ್ಟೋಬರ್ 18ರಂದು ಮಾತುಕತೆಯ ಗಂಟು ಸಡಿಲಾಯಿತು. ಡಿಸೆಂಬರ್ 21ಕ್ಕೆ ಸಹಿ. ಚುನಾವಣೆ ನೋಡಲು ಹೋದ ಕಾಮನ್‌ವೆಲ್ತ್ ವೀಕ್ಷಕರ ಮುಖ್ಯಸ್ಥರು ನಮ್ಮ ರಾಜೇಶ್ವರ್ ದಯಾಳ್. 1980ರ ಏಪ್ರಿಲ್ 18ರಂದು ಜಿಂಬಾಬ್ವೆ ಹುಟ್ಟಿತು.

ನಿಷ್ಠುರ ಮಾತು:

ಆ ಭರವಸೆಯಲ್ಲಿ ಇಷ್ಟು ಡಾಲರ್ ಅಂತ ಅಂಕಿ ಇತ್ತೇ? ಇರಲಿಲ್ಲ. ನೀವೇ ‘ತಕ್ಕದ್ದು’, ‘ಬಹುದು’ ಅಂತ ಶುರು ಮಾಡಿದವರು, ಹಾಗಾಗಿ ಕೇಳುತ್ತಿದ್ದೇನೆ. ಮುಂದೆ 2000ದಲ್ಲಿ ಆ ಜಮೀನಿನ ವಿಷಯದಲ್ಲಿ ಜಿಂಬಾಬ್ವೆ ಎಷ್ಟು ನರಳಿತು!

ಕರಡು ಕಾಗದ:

ಈ ಮಾತು ಚುಚ್ಚಿತು. ನಿಜ, ಅಂಕಿ ಇರಲಿಲ್ಲ. ಅಂಕಿ ಕೇಳಿದ್ದರೆ ಅಮೆರಿಕದವರು ಹಿಂದೆ ಸರಿಯುತ್ತಿದ್ದರೇನೋ, ಯುದ್ಧ ಮುಂದುವರಿಯುತ್ತಿತ್ತೇನೋ. ಆವತ್ತು ಸಾಯುತ್ತಿದ್ದವರ ಲೆಕ್ಕವನ್ನೂ ಇಡಬೇಕು ಅಲ್ವಾ? ಆದರೂ ನಾನು ನೋಡಿದ ಎಲ್ಲ ರಾಜಿ ಪತ್ರಗಳಲ್ಲಿ ಮತ್ತೆ ಕೋರ್ಟಿಗೆ ಬಂದವು ಹಣದ ಜಾಗ ಖಾಲಿ ಬಿಟ್ಟಂಥವೇ. ನಿಮ್ಮ ಮಾತನ್ನು ಒಪ್ಪುತ್ತೇನೆ.

ಬಿಳಿ ಕೋಟು:

ನಾನು ದಾದಿ, ಜಿಲ್ಲಾ ಆಸ್ಪತ್ರೆಯಲ್ಲಿ 19 ವರ್ಷ. ಈ ಚರ್ಚೆಯಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಬರಲೇಬೇಕು, ಡೇಮ್ ನೀಟಾ ಬ್ಯಾರೋ, ಬಾರ್ಬಡೋಸ್‌ನವರು. ಅವರು ನರ್ಸ್, ಸೂಲಗಿತ್ತಿ ತರಬೇತಿ ಪಡೆದವರು. 1985ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನದ ಜೊತೆ ನಡೆದ ಸಂಘಟನೆಗಳ ದೊಡ್ಡ ಸಮಾವೇಶವನ್ನು ನಡೆಸಿದವರು. ಮರುವರ್ಷ ಕಾಮನ್‌ವೆಲ್ತ್ ದಕ್ಷಿಣ ಆಫ್ರಿಕಾಕ್ಕೆ 7 ಜನ ಗಣ್ಯರನ್ನು ಕಳಿಸಿತು. ಆ ಏಳು ಜನರಲ್ಲಿ ಒಬ್ಬರೇ ಹೆಂಗಸು, ನೀಟಾ. ನಮ್ಮ ಸರ್ದಾರ್ ಸ್ವರಣ್ ಸಿಂಗ್ ಕೂಡ ಇದ್ದರು. ಜೈಲಿನಲ್ಲಿದ್ದ ಮಂಡೇಲಾ ಅವರನ್ನು ಕಂಡು ಮಾತಾಡಿ ಬಂದರು. ಮೇ 19ರಂದು, ಇವರು ಇನ್ನೂ ಅಲ್ಲಿರುವಾಗಲೇ, ದಕ್ಷಿಣ ಆಫ್ರಿಕಾದ ಸೇನೆ ಬೋಟ್ಸ್ವಾನಾ, ಜಾಂಬಿಯಾ, ಜಿಂಬಾಬ್ವೆ ಮೇಲೆ ದಾಳಿ ಮಾಡಿತು. ಎಲ್ಲರೂ ಮಾತು ನಿಲ್ಲಿಸಿ ಹೊರಟರು. ಮುಂದೆ ನೀಟಾ ವಿಶ್ವಸಂಸ್ಥೆಯಲ್ಲಿ ಬಾರ್ಬಡೋಸ್ ಪ್ರತಿನಿಧಿ ಆದರು, 1990ರಲ್ಲಿ ದೇಶದ ಗವರ್ನರ್ ಜನರಲ್ ಆದರು. ವಾರ್ಡಿನಲ್ಲಿ ರೋಗಿಯ ಮನೆಯವರ ಕೂಗಾಟದ ನಡುವೆ ಸಮಾಧಾನವಾಗಿ ಮಾತಾಡಲು ಕಲಿತವರಿಗೆ ಆ ಕೆಲಸ ಒಗ್ಗಿದ್ದು ನನಗೆ ಆಶ್ಚರ್ಯ ಅನ್ನಿಸುವುದಿಲ್ಲ.

ಕರಡು ಕಾಗದ:

ಎಂಥ ಒಳ್ಳೆಯ ನೆನಪು ಮಾಡಿದಿರಿ ಮೇಡಂ. ಆ 7 ಜನರ ವರದಿ ಬಂದ ಮೇಲೆ 1986ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ 7 ದೇಶಗಳ ನಾಯಕರು ಸೇರಿದರು. ರಾಜೀವ್ ಗಾಂಧಿ ಸೇರಿ 6 ಜನ ಆರ್ಥಿಕ ದಿಗ್ಬಂಧನಕ್ಕೆ ಗಟ್ಟಿಯಾಗಿ ನಿಂತರು, ಥ್ಯಾಚರ್ ಒಬ್ಬರೇ ಬೇರೆ. ಕಾಮನ್‌ವೆಲ್ತ್‌ನಲ್ಲಿ ಬ್ರಿಟನ್ ಒಂಟಿಯಾದರೂ ಸಂಸ್ಥೆ ಒಡೆಯಲಿಲ್ಲ. ಎಲ್ಲ ಸರ್ಕಾರಗಳ ನೌಕರನಾಗಿದ್ದುಕೊಂಡು ಅದನ್ನು ಕಾಪಾಡುವುದು ರಾಮ್‌ಫಲ್‌ಗೆ ಸುಲಭವಿರಲಿಲ್ಲ. ಮಂಡೇಲಾ ಹೊರಬಂದದ್ದು 1990ರ ಫೆಬ್ರವರಿ 11, ರಾಮ್‌ಫಲ್ ಕುರ್ಚಿ ಬಿಟ್ಟದ್ದು ಅದೇ ವರ್ಷ ಜೂನ್ ಕೊನೆಗೆ.

ಐಎಎಸ್ ಕನಸು:

ನಿವೃತ್ತಿ ಆದಮೇಲೆ ಏನು ಮಾಡಿದರು ಸರ್?

ಕರಡು ಕಾಗದ:

ಸುಮ್ಮನೆ ಕೂರಲಿಲ್ಲ. ಕೆರಿಬಿಯನ್ ದೇಶಗಳ ವ್ಯಾಪಾರ ಮಾತುಕತೆ ನಡೆಸಿದರು, ವಿಶ್ವವಿದ್ಯಾಲಯಗಳ ಕುಲಪತಿ ಆಗಿದ್ದರು, ಭಾರತ 2002ರ ಇಂದಿರಾ ಗಾಂಧಿ ಶಾಂತಿ ಪ್ರಶಸ್ತಿ ಕೊಟ್ಟಿತು. ಅವೆಲ್ಲ ಇರಲಿ. ಕೊನೆಯ ಕೆಲಸ ಹೇಳುತ್ತೇನೆ, ನಾನು ಈ ಚರ್ಚೆ ತೆಗೆದದ್ದೇ ಅದಕ್ಕೆ.

ಗಯಾನಾದ ಎಸೆಕಿಬೊ ಪ್ರದೇಶ ತನ್ನದು ಅನ್ನುತ್ತದೆ ವೆನೆಜುವೆಲಾ. ಸುಮಾರು 1,60,000 ಚದರ ಕಿಲೋಮೀಟರ್, ದೇಶದ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ. 1899ರಲ್ಲಿ ಪ್ಯಾರಿಸ್‌ನಲ್ಲಿ ಪಂಚಾಯ್ತಿ ತೀರ್ಪು ಆಗಿ ಗಡಿ ನಿಂತಿತ್ತು. 1962ರಲ್ಲಿ ವೆನೆಜುವೆಲಾ ಆ ತೀರ್ಪೇ ಸರಿಯಿಲ್ಲ ಅಂತ ಎತ್ತಿತು. 1966ರ ಫೆಬ್ರವರಿ 17ರಂದು, ಸ್ವಾತಂತ್ರ್ಯಕ್ಕೆ ಮೂರು ತಿಂಗಳು ಇರುವಾಗ, ಜಿನೀವಾದಲ್ಲಿ ಒಂದು ಒಪ್ಪಂದ. ಗಯಾನಾ ಕಡೆಯಿಂದ ಆ ಕೆಲಸದಲ್ಲಿದ್ದವರಲ್ಲಿ ರಾಮ್‌ಫಲ್ ಒಬ್ಬರು, ಆಗ ವಯಸ್ಸು 37. ಅದರ 4ನೇ ವಿಧಿಯಲ್ಲಿ ಒಂದು ಸಾಲು ಇದೆ. ಎರಡೂ ಕಡೆಯವರು ಒಪ್ಪದಿದ್ದರೆ ಕೊನೆಗೆ ಯಾವ ದಾರಿಯಲ್ಲಿ ವ್ಯಾಜ್ಯ ಬಗೆಹರಿಸಬೇಕು ಅನ್ನುವುದನ್ನು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಯ್ಕೆ ಮಾಡತಕ್ಕದ್ದು. ಮಾಡಬಹುದು ಅಂತಲ್ಲ.

ಆ ಸಾಲು 50 ವರ್ಷಕ್ಕೂ ಮೇಲೆ ಹಾಗೇ ಕೂತಿತ್ತು. 2018ರ ಜನವರಿಯಲ್ಲಿ ಆಗಿನ ಪ್ರಧಾನ ಕಾರ್ಯದರ್ಶಿ ಗುಟೆರೆಸ್ ಅದೇ ಸಾಲು ಹಿಡಿದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಆರಿಸಿದರು. ಮಾರ್ಚ್‌ನಲ್ಲಿ ಗಯಾನಾ ದಾವೆ ಹೂಡಿತು. ಈ ದಾವೆ ಕೇಳುವ ಅಧಿಕಾರ ಕೋರ್ಟಿಗೆ ಇಲ್ಲ ಅಂತ ವೆನೆಜುವೆಲಾ. 2020ರ ಜೂನ್ 30ರಂದು ವಿಚಾರಣೆ, ಕೊರೋನಾ ಕಾಲ, ಎಲ್ಲ ವಿಡಿಯೋ ಮೂಲಕ. ಗಯಾನಾ ಪರ ಮಾತಾಡಲು ಬಂದವರಲ್ಲಿ 91 ವರ್ಷದ ರಾಮ್‌ಫಲ್ ಇದ್ದರು. ಡಿಸೆಂಬರ್ 18ರಂದು ಕೋರ್ಟ್ 12-4 ಮತದಿಂದ ಹೇಳಿತು, ಗಡಿ ತೀರ್ಪಿನ ಸಿಂಧುತ್ವವನ್ನು ವಿಚಾರಿಸುವ ಅಧಿಕಾರ ತನಗಿದೆ ಅಂತ. ಆಧಾರ, ಅದೇ 4ನೇ ವಿಧಿ.

ಬೌಂಡರಿ ಗೆರೆ:

ಕೊನೆಯ ತೀರ್ಪು ಬಂತೇ ಸರ್, ಅವರು ಇರುವಾಗ?

ಕರಡು ಕಾಗದ:

ಇಲ್ಲಪ್ಪ. ಅವರು ಹೋಗುವಾಗ ಕೇಸ್ ಇನ್ನೂ ನಡೆಯುತ್ತಿತ್ತು.